ಕಾರು ಎಳೆಯುವ ಮನೆಗೆ ವಿದ್ಯುತ್ತು

ಬೇಸಿಗೆ ರಜೆಯ ದಿನಗಳಲ್ಲಿ ಬ್ರಿಟನ್ನಿನ ಹೆದ್ದಾರಿಗಳಲ್ಲಿ ಒಂದು ನೋಟ ತೀರ ಸಾಮಾನ್ಯ. ಮುಂದೆ ಒಂದು ಕಾರು, ಅದರ ಹಿಂದೆ ಕೊಂಡಿಗೆ ಸಿಕ್ಕಿಸಿದ ಪುಟ್ಟ ಮನೆ. ಇದರ ಹೆಸರು ಕ್ಯಾರವಾನ್. ಮೊದಲ ಬಾರಿ ನೋಡಿದವರಿಗೆ ಸಾಮಾನು ಸಾಗಿಸುವ ಟ್ರೈಲರಿನಂತೆ ಕಾಣಬಹುದು. ಒಳಗೆ ಹೊಕ್ಕರೆ ಹಾಸಿಗೆ, ಒಲೆ, ಫ್ರಿಜ್ಜು, ನೀರೆತ್ತುವ ಪಂಪು, ದೀಪಗಳು, ಬಿಸಿಗಾಳಿ ಊದುವ ಹೀಟರು ಎಲ್ಲವೂ ಇರುತ್ತವೆ. ಒಲೆಗೂ ಹೀಟರಿಗೂ ಅನಿಲದ ಸಿಲಿಂಡರು ಇದೆ, ನಿಜ. ಆದರೆ ಹೀಟರಿನ ಫ್ಯಾನು ತಿರುಗಲು, ಅದರ ನಿಯಂತ್ರಕ ಕೆಲಸ ಮಾಡಲು ವಿದ್ಯುತ್ತು ಬೇಕು. ವಿದ್ಯುತ್ತು ಕೈಕೊಟ್ಟರೆ ಸಿಲಿಂಡರು ತುಂಬಿದ್ದರೂ ಹೀಟರು ಆರಿಹೋಗುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳ ನಡುವೆ ಚಳಿಗಾಲದ ನಡುರಾತ್ರಿ ಹೀಗಾದರೆ, ಮಕ್ಕಳು ಮಲಗಿರುವಾಗ, ಅದು ಬರಿಯ ಅನಾನುಕೂಲವಲ್ಲ.

ಇಂಥ ರಾತ್ರಿಯ ನಂತರ ಕ್ಯಾರವಾನಿಗರು ಕೇಳುವ ಪ್ರಶ್ನೆ ಒಂದೇ: "ನಿನ್ನೆ ಇಡೀ ದಿನ ಕಾರು ಓಡಿಸಿದ್ದೇವೆ. ತಂತಿ ಜೋಡಿಸಿಯೇ ಇತ್ತು. ಬ್ಯಾಟರಿ ಏಕೆ ತುಂಬಲಿಲ್ಲ?" ಪ್ರೌಢಶಾಲೆಯಲ್ಲಿ ನೀವು ಕಲಿತ ಓಮನ ನಿಯಮವೊಂದೇ ಈ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಹೇಳುತ್ತದೆ.

ಎರಡು ಬ್ಯಾಟರಿ, ಎರಡು ಸ್ವಭಾವ

ಕಾರಿನಲ್ಲಿ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಕ್ಯಾರವಾನಿನಲ್ಲಿ ಇನ್ನೊಂದು. ಎರಡನೆಯದನ್ನು ಬ್ರಿಟನ್ನಿನವರು ಲೀಷರ್ ಬ್ಯಾಟರಿ ಎನ್ನುತ್ತಾರೆ. ನಾವು ಇಲ್ಲಿ ಮನೆಬ್ಯಾಟರಿ ಎನ್ನೋಣ. ಸಾಮಾನ್ಯವಾಗಿ ಎರಡೂ ಸೀಸ-ಆಮ್ಲ ಬ್ಯಾಟರಿಗಳೇ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ರೂಪಿಸಿದ ಈ ಸಾಧನದ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ. ಒಂದು ಬಗೆಯ ಫಲಕ ಸೀಸದ ಡೈಆಕ್ಸೈಡಿನದು, ಇನ್ನೊಂದು ಬಗೆಯದು ಶುದ್ಧ ಸೀಸದ್ದು, ನಡುವೆ ಸಲ್ಫ್ಯೂರಿಕ್ ಆಮ್ಲ. ವಿದ್ಯುತ್ತು ಹೊರಬರುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಹೊರಗಿನಿಂದ ವಿದ್ಯುತ್ತು ಹಾಯಿಸಿದಾಗ ಆ ಸಲ್ಫೇಟು ಕರಗಿ ಫಲಕಗಳು ಮೊದಲಿನಂತಾಗುತ್ತವೆ.

ರಸಾಯನ ಒಂದೇ ಆದರೂ ಕಟ್ಟಡ ಬೇರೆ. ಕಾರಿನ ಬ್ಯಾಟರಿಯ ಕೆಲಸ ಎಂಜಿನ್ನನ್ನು ತಿರುಗಿಸುವುದು. ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಅದು ಸುಮ್ಮನಾಗುತ್ತದೆ. ಅದಕ್ಕಾಗಿ ತೆಳುವಾದ, ಬಹುಸಂಖ್ಯೆಯ ಫಲಕಗಳು. ಮನೆಬ್ಯಾಟರಿಯದು ಎತ್ತಿನ ಗಾಡಿಯ ಕೆಲಸ. ಗಂಟೆಗಟ್ಟಲೆ ಮೂರು, ನಾಲ್ಕು ಆಂಪಿಯರ್ ಕೊಡುತ್ತಲೇ ಇರಬೇಕು. ಅದರ ಫಲಕಗಳು ದಪ್ಪ. ನಮ್ಮ ಮನೆಗಳ ಯುಪಿಎಸ್‌ಗೆ ಕಾರಿನ ಬ್ಯಾಟರಿ ಜೋಡಿಸದೆ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಜೋಡಿಸುವುದೂ ಇದೇ ಕಾರಣಕ್ಕೆ.

ನಮಗೆ ಇಲ್ಲಿ ಮುಖ್ಯವಾದದ್ದು ಬ್ಯಾಟರಿಯ ವೋಲ್ಟೇಜು. ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಸೀಸ-ಆಮ್ಲ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2ರ ಆಸುಪಾಸು. ತುಂಬಿದ್ದಕ್ಕೂ ಅರ್ಧಕ್ಕೂ ನಡುವಣ ಅಂತರ ಬರಿಯ ಅರ್ಧ ವೋಲ್ಟು! ಇದನ್ನು ಮತ್ತೆ ತುಂಬಬೇಕಾದರೆ ಹೊರಗಿನ ಒತ್ತಡ ಬ್ಯಾಟರಿಯ ಒತ್ತಡಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಚಾರ್ಜರುಗಳು 14.4 ವೋಲ್ಟಿನವರೆಗೆ ಏರಿಸುವುದು ಅದಕ್ಕಾಗಿ. 13.6 ವೋಲ್ಟ್ ಮಾತ್ರ ಕೊಟ್ಟರೂ ಬ್ಯಾಟರಿ ತುಂಬೀತು, ಆದರೆ ಅದು ಗಂಟೆಗಳ ಮಾತಲ್ಲ, ದಿನಗಳ ಮಾತು.

ತಂತಿ ತಿನ್ನುವ ವೋಲ್ಟು

ಎಂಜಿನ್ನು ಓಡುತ್ತಿರುವಾಗ ಆಲ್ಟರ್ನೇಟರ್ ಎಂಬ ಜನಕ ತಿರುಗುತ್ತದೆ. ಅದು ಹುಟ್ಟಿಸುವುದು ಪರ್ಯಾಯ ವಿದ್ಯುತ್ತನ್ನು. ಒಳಗಿರುವ ಡಯೋಡುಗಳು ಅದನ್ನು ಏಕಮುಖಗೊಳಿಸುತ್ತವೆ. ಹಳೆಯ ಮಾದರಿಯ ಕಾರುಗಳಲ್ಲಿ ನಿಯಂತ್ರಕವು ಹೊರಬರುವ ವೋಲ್ಟೇಜನ್ನು 14.2ರ ಸುತ್ತಮುತ್ತ ಸ್ಥಿರವಾಗಿ ಹಿಡಿದಿಡುತ್ತದೆ. ಕಾರಿನ ಬ್ಯಾಟರಿ ಎಂಜಿನ್ನಿನ ಪಕ್ಕದಲ್ಲೇ ಇರುವುದರಿಂದ ಇಷ್ಟೂ ಅದಕ್ಕೆ ದಕ್ಕುತ್ತದೆ. ಮನೆಬ್ಯಾಟರಿಯ ಗತಿ ಬೇರೆ. ವಿದ್ಯುತ್ತು ಕಾರಿನ ಮೂತಿಯಿಂದ ಬಾಲದವರೆಗೆ ಹರಿದು, ಪ್ಲಗ್ಗನ್ನು ದಾಟಿ, ಕ್ಯಾರವಾನಿನ ಒಳಗಿನ ತಂತಿಗಳನ್ನು ಹಾದು ಅದನ್ನು ತಲುಪಬೇಕು. ಮತ್ತೆ ಅಷ್ಟೇ ದೂರ ಹಿಂದಿರುಗಬೇಕು.

ಲೆಕ್ಕ ಹಾಕಿ ನೋಡೋಣ. ಹೋಗುವ ಹಾದಿ 10 ಮೀಟರ್, ಬರುವ ಹಾದಿ 10 ಮೀಟರ್ ಎನ್ನಿ. ಈ ಕೆಲಸಕ್ಕೆ ಬಳಸುವ ತಾಮ್ರದ ತಂತಿ ಸಾಮಾನ್ಯವಾಗಿ 2.5 ಚದರ ಮಿಲಿಮೀಟರ್ ದಪ್ಪದ್ದು. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.0172 ಓಮ್. ಹಾಗಾದರೆ ನಮ್ಮ 20 ಮೀಟರಿನ ರೋಧ, 0.0172ನ್ನು 20ರಿಂದ ಗುಣಿಸಿ 2.5ರಿಂದ ಭಾಗಿಸಿದರೆ, ಸುಮಾರು 0.138 ಓಮ್. (ಕಾರಿನೊಳಗೆ ಹಿಂದಿರುಗುವ ಹಾದಿ ಕಾರಿನ ಲೋಹದ ಮೈಯೇ ಆಗಿರುವುದುಂಟು. ಆಗ ರೋಧ ಸ್ವಲ್ಪ ಕಡಿಮೆ. ಆದರೆ ಪ್ಲಗ್ಗಿನ ಹಿತ್ತಾಳೆಯ ಪಿನ್ನುಗಳಿಗೆ ಕಿಲುಬು ಹಿಡಿದಿದ್ದರೆ ಆ ಲಾಭ ಅಲ್ಲಿಯೇ ಕರಗಿಹೋಗುತ್ತದೆ.)

0.138 ಓಮ್ ಎಂದರೆ ಏನೂ ಅಲ್ಲವೆನಿಸಬಹುದು. ಆದರೆ 10 ಆಂಪಿಯರ್ ಹರಿದರೆ ತಂತಿಯಲ್ಲೇ 1.38 ವೋಲ್ಟ್ ಕಳೆದುಹೋಗುತ್ತದೆ. 230 ವೋಲ್ಟಿನ ಮನೆಯ ಮಂಡಲದಲ್ಲಿ ಇಷ್ಟು ಕಳೆದರೆ ಯಾರ ಗಮನಕ್ಕೂ ಬಾರದು. 12 ವೋಲ್ಟಿನಲ್ಲಿ ಅದು ಹತ್ತನೆಯ ಒಂದು ಭಾಗಕ್ಕೂ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಹೊಲದ ಪಂಪ್‌ಸೆಟ್ಟು ಗೊಣಗುತ್ತ ನಿಂತುಬಿಡುವುದನ್ನು ನೀವು ಕಂಡಿರಬಹುದು. ಕ್ಯಾರವಾನಿನ ಬ್ಯಾಟರಿಯೂ ಅಂಥ ಕೊನೆಯ ಹೊಲವೇ.

ಈಗ ಅರ್ಧ ಖಾಲಿಯಾದ ಮನೆಬ್ಯಾಟರಿಯನ್ನು ಇದಕ್ಕೆ ಜೋಡಿಸಿ. ಚಾರ್ಜು ಆರಂಭವಾದ ಕೆಲವೇ ನಿಮಿಷಗಳಲ್ಲಿ ಅದರ ಅಗ್ರಗಳ ನಡುವಣ ವೋಲ್ಟೇಜು 13.2ಕ್ಕೆ ಏರಿದೆ ಎನ್ನೋಣ. ಆಲ್ಟರ್ನೇಟರಿನ 14.2ರಲ್ಲಿ ಇದನ್ನು ಕಳೆದರೆ ಉಳಿದದ್ದು 1 ವೋಲ್ಟ್. 0.138 ಓಮ್ ಮೂಲಕ ಅದು ತಳ್ಳಬಲ್ಲದ್ದು ಸುಮಾರು 7 ಆಂಪಿಯರ್. ಇದು ಪರವಾಗಿಲ್ಲ. ಆದರೆ ಬ್ಯಾಟರಿ ತುಂಬುತ್ತ ಬಂದಂತೆ ಅದರ ವೋಲ್ಟೇಜೂ ಏರುತ್ತದೆ. 13.8 ಮುಟ್ಟಿದಾಗ ಉಳಿಯುವ ಅಂತರ 0.4 ವೋಲ್ಟ್, ಪ್ರವಾಹ 3 ಆಂಪಿಯರಿಗಿಂತ ಕಡಿಮೆ. ತುಂಬಿದಷ್ಟೂ ನಿಧಾನ. ನೂರು ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ 50 ಆಂಪಿಯರ್-ಗಂಟೆ ಹಿಂದಿರುಗಿಸಬೇಕು. ಸರಾಸರಿ 5 ಆಂಪಿಯರ್ ಹರಿದರೂ ಮೂರು ಗಂಟೆಯ ಪ್ರಯಾಣದಲ್ಲಿ ಸೇರುವುದು 15. "ಇಡೀ ದಿನ ಓಡಿಸಿದ್ದೇವೆ" ಎನ್ನುವವರ ಬ್ಯಾಟರಿ ಏಕೆ ತುಂಬಿರಲಿಲ್ಲ ಎಂಬುದು ಇಲ್ಲಿಗೆ ಬಹುಮಟ್ಟಿಗೆ ತಿಳಿಯಿತು.

ಫ್ರಿಜ್ಜಿನ ಪಾಲು

ಕ್ಯಾರವಾನಿನ ಫ್ರಿಜ್ಜು ನಮ್ಮ ಮನೆಯ ಫ್ರಿಜ್ಜಿನಂತಲ್ಲ. ಹೆಚ್ಚಿನವುಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ, ನೀರು ಮತ್ತು ಹೈಡ್ರೊಜನ್ ತುಂಬಿದ ಕೊಳವೆಗಳ ಒಂದು ತುದಿಯನ್ನು ಕಾಯಿಸಿದರೆ ಸಾಕು, ಇನ್ನೊಂದೆಡೆ ತಂಪು ಹುಟ್ಟುತ್ತದೆ. ಕಾಯಿಸಲು ಅನಿಲದ ಜ್ವಾಲೆ ಆದೀತು, 230 ವೋಲ್ಟ್ ಆದೀತು, 12 ವೋಲ್ಟಿನ ಹೀಟರ್ ಸುರುಳಿಯೂ ಆದೀತು. ವಾಹನ ಚಲಿಸುತ್ತಿರುವಾಗ ಜ್ವಾಲೆ ಉರಿಸುವುದು ಅಪಾಯವಾದ್ದರಿಂದ ದಾರಿಯಲ್ಲಿ 12 ವೋಲ್ಟನ್ನೇ ಬಳಸುತ್ತಾರೆ. 120 ವಾಟಿನ ಸುರುಳಿ ಎಂದರೆ 10 ಆಂಪಿಯರ್. ದೀಪ, ಪಂಪು, ಫ್ಯಾನುಗಳೆಲ್ಲ ಒಟ್ಟಾಗಿ ತಿನ್ನುವುದಕ್ಕಿಂತ ಇದೊಂದೇ ಹೆಚ್ಚು ತಿನ್ನಬಲ್ಲದು.

ಬ್ರಿಟನ್ನಿನ ಹಳೆಯ ಕ್ಯಾರವಾನುಗಳಲ್ಲಿ ಏಳೇಳು ಪಿನ್ನುಗಳ ಎರಡು ಪ್ಲಗ್ಗುಗಳಿದ್ದವು. 12ಎನ್ ಎಂಬ ಕಪ್ಪು ಪ್ಲಗ್ಗಿನಲ್ಲಿ ಹಿಂಬದಿಯ ದೀಪಗಳು, ತಿರುವಿನ ಸೂಚಕಗಳು, ಬ್ರೇಕಿನ ದೀಪ. 12ಎಸ್ ಎಂಬ ಎರಡನೆಯದರಲ್ಲಿ ಒಳಗಿನ ಬಳಕೆಯ ವಿದ್ಯುತ್ತು. 1998ಕ್ಕೆ ಮೊದಲಿನ ಜೋಡಣೆಯಲ್ಲಿ ಈ ಎರಡನೆಯ ಪ್ಲಗ್ಗಿನ ಫ್ರಿಜ್ಜಿಗೂ ಬ್ಯಾಟರಿಗೂ ಹಿಂದಿರುಗುವ ಹಾದಿ ಒಂದೇ ಪಿನ್ನು, ಒಂದೇ ತಂತಿ. ಇದರ ಪರಿಣಾಮವನ್ನು ಮತ್ತೆ ನಮ್ಮ ಲೆಕ್ಕದಿಂದಲೇ ನೋಡಿ. ಹಿಂದಿರುಗುವ 10 ಮೀಟರಿನ ರೋಧ 0.069 ಓಮ್. ಫ್ರಿಜ್ಜಿನ 10 ಆಂಪಿಯರ್ ಅದರಲ್ಲಿ ಹರಿದರೆ 0.69 ವೋಲ್ಟ್ ನಷ್ಟ. ಬ್ಯಾಟರಿಗೆ ದಕ್ಕಬೇಕಿದ್ದ 1 ವೋಲ್ಟಿನ ಅಂತರದಲ್ಲಿ ಉಳಿಯುವುದು 0.31 ಮಾತ್ರ. 7 ಆಂಪಿಯರ್ ಹರಿಯಬೇಕಿದ್ದಲ್ಲಿ 2 ಆಂಪಿಯರ್ ಹರಿದೀತು! ಫ್ರಿಜ್ಜು ಬ್ಯಾಟರಿಯಿಂದ ನೇರವಾಗಿ ಏನನ್ನೂ ಕದಿಯಲಿಲ್ಲ. ಹಾದಿಯನ್ನು ಹಂಚಿಕೊಂಡಿತು, ಅಷ್ಟೇ. 1998ರ ಪರಿಷ್ಕರಣೆಯಲ್ಲಿ ಫ್ರಿಜ್ಜಿಗೆ ಪ್ರತ್ಯೇಕ ಹಿಂದಿರುಗುವ ಪಿನ್ನನ್ನು ಕೊಟ್ಟರು. ಕಾಗದದ ಮೇಲೆ ಅತಿ ಚಿಕ್ಕದಾಗಿ ಕಾಣುವ ಈ ಬದಲಾವಣೆ, ನನ್ನ ಮಟ್ಟಿಗೆ, ಈ ಇಡೀ ವ್ಯವಸ್ಥೆಯ ಅತ್ಯಂತ ಜಾಣ ತಿದ್ದುಪಡಿ.

2008ರ ಸುಮಾರಿಗೆ ಬ್ರಿಟನ್ನಿನ ಹೊಸ ಕ್ಯಾರವಾನುಗಳು ಎರಡು ಪ್ಲಗ್ಗುಗಳನ್ನು ಬಿಟ್ಟು 13 ಪಿನ್ನುಗಳ ಒಂದೇ ಪ್ಲಗ್ಗಿಗೆ ಬಂದವು. ಇದರಲ್ಲಿ ಮೊದಲ ಎಂಟು ಪಿನ್ನುಗಳು ರಸ್ತೆ ದೀಪಗಳಿಗೆ ಸೇರಿದವು. ನಾವು ಗಮನಿಸಬೇಕಾದದ್ದು ನಾಲ್ಕನ್ನು. 9ನೆಯದು ಕಾರಿನ ಬ್ಯಾಟರಿಯಿಂದ ಸದಾ ವಿದ್ಯುತ್ತು ತರುವ ಪಿನ್ನು, 13ನೆಯದು ಅದರ ಹಿಂದಿರುಗುವ ಹಾದಿ. 10ನೆಯದರಲ್ಲಿ ಎಂಜಿನ್ನು ಓಡುತ್ತಿರುವಾಗ ಮಾತ್ರ ವಿದ್ಯುತ್ತು ಬರುತ್ತದೆ, ಅದರ ಹಿಂದಿರುಗುವ ಹಾದಿ 11. ಫ್ರಿಜ್ಜು ಇರುವುದು ಈ 10ರ ಮೇಲೆ. ಏಕೆಂದು ಊಹಿಸಬಲ್ಲಿರಿ. ದಾರಿಯಲ್ಲಿ ಊಟಕ್ಕೆಂದು ನಿಲ್ಲಿಸಿ ಫ್ರಿಜ್ಜನ್ನು ಮರೆತರೆ, ಗಂಟೆಗೆ 10 ಆಂಪಿಯರ್-ಗಂಟೆಯಂತೆ ಕಾರಿನ ಬ್ಯಾಟರಿ ಬರಿದಾಗುತ್ತದೆ. ನಾಲ್ಕೈದು ಗಂಟೆ ಕಳೆದರೆ ಕಾರು ಚಾಲೂ ಆಗದು.

10ನೆಯ ಪಿನ್ನಿನಲ್ಲಿ ವಿದ್ಯುತ್ತು ಬಂದ ಕೂಡಲೇ ಕ್ಯಾರವಾನಿನಲ್ಲಿರುವ ರಿಲೇ ಎಂಬ ವಿದ್ಯುತ್ಕಾಂತದ ಸ್ವಿಚ್ಚು ಟಕ್ಕೆಂದು ಸದ್ದು ಮಾಡಿ ಮೂರು ಕೆಲಸ ಮಾಡುತ್ತದೆ. ಫ್ರಿಜ್ಜಿನ ಸುರುಳಿಯನ್ನು ಕಾರಿಗೆ ಜೋಡಿಸುತ್ತದೆ. ಮನೆಬ್ಯಾಟರಿಯನ್ನು ಚಾರ್ಜಾಗುವ ಹಾದಿಗೆ ಸೇರಿಸುತ್ತದೆ. ಒಳಗಿನ ದೀಪ, ಪಂಪು ಮುಂತಾದುವನ್ನು ಬ್ಯಾಟರಿಯಿಂದ ಬಿಡಿಸುತ್ತದೆ. ಎಂಜಿನ್ನು ನಿಂತರೆ ಎಲ್ಲ ಮೊದಲಿನಂತೆ. ಎಂಜಿನ್ನು ಓಡುತ್ತಿರುವಾಗ ಕ್ಯಾರವಾನಿನ ದೀಪ ಹತ್ತಲಿಲ್ಲವೆಂದು ಗಾಬರಿಯಾಗುವವರು ಇದನ್ನು ನೆನಪಿಡಬೇಕು. ಅದು ದೋಷವಲ್ಲ, ರಿಲೇ ಸರಿಯಾಗಿದೆ ಎಂಬುದರ ಗುರುತು.

ಕಾರಿಗೆ ಎಳೆಯುವ ಕೊಂಡಿ ಹಾಕಿಸುವಾಗ ಕೆಲವೊಮ್ಮೆ ದೀಪಗಳ ತಂತಿಗಳನ್ನು ಮಾತ್ರ ಜೋಡಿಸಿ, 9 ಮತ್ತು 10ನ್ನು ಖಾಲಿ ಬಿಡುತ್ತಾರೆ. ಸಾಮಾನು ಸಾಗಿಸುವ ಟ್ರೈಲರಿಗೆ ಅಷ್ಟು ಸಾಕು. ಪ್ಲಗ್ಗು ನೋಡಲು ಒಂದೇ ಥರ ಇರುವುದರಿಂದ ಖರೀದಿಸಿದವರಿಗೆ ಗೊತ್ತಾಗುವುದಿಲ್ಲ. ಇದರಲ್ಲಿ ಬ್ಯಾಟರಿಗಿಂತ ದೊಡ್ಡ ಸಂಗತಿಯೊಂದಿದೆ. ಕ್ಯಾರವಾನು ಅತ್ತಿಂದಿತ್ತ ಓಲಾಡತೊಡಗಿದರೆ ತಾನಾಗಿ ಬ್ರೇಕು ಹಾಕುವ ಸುರಕ್ಷಾ ಸಾಧನ ಈಗಿನ ಹಲವು ಕ್ಯಾರವಾನುಗಳಲ್ಲಿದೆ. ಅದಕ್ಕೆ ಬಲ ಬರುವುದು 9ನೆಯ ಪಿನ್ನಿನಿಂದ.

ಜಾಣ ಆಲ್ಟರ್ನೇಟರು ತಂದ ತೊಡಕು

ಇಷ್ಟರವರೆಗೆ 14.2 ವೋಲ್ಟ್ ಸದಾ ಸಿಗುತ್ತದೆಂದು ನಂಬಿ ಲೆಕ್ಕ ಮಾಡಿದೆವು. ಈಗಿನ ಕಾರುಗಳಲ್ಲಿ ಆ ನಂಬಿಕೆ ನಡೆಯದು. ಆಲ್ಟರ್ನೇಟರನ್ನು ತಿರುಗಿಸಲು ಎಂಜಿನ್ನಿನ ಶಕ್ತಿ ಬೇಕು, ಅಂದರೆ ಇಂಧನ ಬೇಕು. ಯುರೋಪಿನಲ್ಲಿ ಹೊಗೆಯ ನಿಯಮಗಳು ಹಂತ ಹಂತವಾಗಿ ಬಿಗಿಯಾದವು. ಯೂರೋ 6 ನಿಯಮ ಹೊಸ ಮಾದರಿಯ ಕಾರುಗಳಿಗೆ 2014ರ ಸೆಪ್ಟೆಂಬರಿನಿಂದ, ನೋಂದಣಿಯಾಗುವ ಎಲ್ಲ ಹೊಸ ಕಾರುಗಳಿಗೆ 2015ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ಹೊಗೆಯ ಜೊತೆಗೆ ಇಂಧನವನ್ನೂ ಹನಿಹನಿಯಾಗಿ ಉಳಿಸಬೇಕಾದ ಒತ್ತಡದಲ್ಲಿ ತಯಾರಕರು ಆಲ್ಟರ್ನೇಟರನ್ನು ಕಂಪ್ಯೂಟರಿನ ಕೈಗೆ ಕೊಟ್ಟರು. ಕಾರು ಸಮವೇಗದಲ್ಲಿ ಸಾಗುತ್ತಿದ್ದು, ತನ್ನ ಬ್ಯಾಟರಿ ಸಾಕಷ್ಟು ತುಂಬಿದೆಯೆಂದು ಕಂಡರೆ ಕಂಪ್ಯೂಟರು ವೋಲ್ಟೇಜನ್ನು 12.4ರ ಹತ್ತಿರಕ್ಕೆ ಇಳಿಸಿಬಿಡುತ್ತದೆ. ಇಳಿಜಾರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಪುಕ್ಕಟೆ ಸಿಗುವ ಶಕ್ತಿಯಿಂದ 15 ವೋಲ್ಟಿನವರೆಗೆ ಏರಿಸುತ್ತದೆ. ಕಾರಿನ ದೃಷ್ಟಿಯಿಂದ ಇದು ಜಾಣತನವೇ. ಆದರೆ ಹಿಂದೆ ಕಟ್ಟಿರುವ ಮನೆಬ್ಯಾಟರಿಯ ಸ್ಥಿತಿ ಕಂಪ್ಯೂಟರಿಗೆ ತಿಳಿಯುವುದಿಲ್ಲ.

12.4 ವೋಲ್ಟಿನಿಂದ 12.6 ವೋಲ್ಟಿನ ಬ್ಯಾಟರಿಯನ್ನು ತುಂಬುವುದು ತಗ್ಗಿನ ಕೆರೆಯಿಂದ ಎತ್ತರದ ಗದ್ದೆಗೆ ಕಾಲುವೆ ತೋಡಿದಂತೆ. ನೀರು ಹಿಮ್ಮುಖವಾಗಿ ಹರಿದೀತು. ನಿಜಕ್ಕೂ ಹಾಗೆಯೇ ಆಗುತ್ತದೆ: ನಡುವೆ ಬರಿಯ ರಿಲೇ ಇದ್ದರೆ ಮನೆಬ್ಯಾಟರಿಯೇ ಕಾರಿಗೆ ವಿದ್ಯುತ್ತು ಕೊಡತೊಡಗುತ್ತದೆ. ಕಾರಿನ ಕಡೆ ವೋಲ್ಟೇಜನ್ನು ನೋಡಿ ತಾನೇ ಮುಚ್ಚಿ ತೆರೆಯುವ ಬಗೆಯ ರಿಲೇ ಅಳವಡಿಸಿದ್ದರೆ ಇನ್ನೊಂದು ಕಷ್ಟ. ವೋಲ್ಟೇಜು ಇಳಿದದ್ದನ್ನು ಅದು ಎಂಜಿನ್ನು ನಿಂತಿದೆಯೆಂದು ಭಾವಿಸಿ ಫ್ರಿಜ್ಜನ್ನೂ ಬ್ಯಾಟರಿಯನ್ನೂ ಕಡಿದುಹಾಕುತ್ತದೆ. ಗಂಟೆಗೆ 90 ಕಿಲೊಮೀಟರ್ ವೇಗದಲ್ಲಿ ಸಾಗುತ್ತಿರುವಾಗಲೂ!

ಇದಕ್ಕೆ ಪರಿಹಾರವಾಗಿ ಬಂದದ್ದು ವೋಲ್ಟೇಜು ಏರಿಸುವ ಚಾರ್ಜರು. ಇದನ್ನು ಕ್ಯಾರವಾನಿನಲ್ಲಿ, ಮನೆಬ್ಯಾಟರಿಯ ಸಮೀಪ ಕೂರಿಸುತ್ತಾರೆ. ಒಳಗೆ ಬರುವುದು 12 ವೋಲ್ಟೋ 11 ವೋಲ್ಟೋ, ಹೊರಗೆ ಹೋಗುವುದು ಬ್ಯಾಟರಿಗೆ ಬೇಕಾದ 14.4 ವೋಲ್ಟ್. ಹಿಮ್ಮುಖ ಹರಿವನ್ನೂ ಇದು ತಡೆಯುತ್ತದೆ. ಒಳ್ಳೆಯ ಸಾಧನ, ಅನುಮಾನವಿಲ್ಲ. ಆದರೆ ಇದು ಶಕ್ತಿಯನ್ನು ಹುಟ್ಟಿಸುವುದಿಲ್ಲ. 14.4 ವೋಲ್ಟಿನಲ್ಲಿ 10 ಆಂಪಿಯರ್ ಎಂದರೆ 144 ವಾಟ್. ದಕ್ಷತೆ ನೂರಕ್ಕೆ 90 ಎಂದು ಹಿಡಿದರೆ ಒಳಗೆ 160 ವಾಟ್ ಬರಬೇಕು. ಕಾರಿನ ತುದಿಯಲ್ಲಿ 13.8 ವೋಲ್ಟ್ ಇದ್ದರೆ ನಮ್ಮ 20 ಮೀಟರ್ ತಂತಿಯ ಮೂಲಕ ಇದಕ್ಕೆ 13.4 ಆಂಪಿಯರ್ ಬೇಕಾಗುತ್ತದೆ. ಕಾರಿನ ತುದಿಯಲ್ಲಿ 12.4 ಮಾತ್ರ ಇದ್ದರೆ? ವೋಲ್ಟೇಜು ಕಡಿಮೆಯಾದಂತೆ ಸಾಧನ ಹೆಚ್ಚು ಪ್ರವಾಹ ಎಳೆಯುತ್ತದೆ. ಪ್ರವಾಹ ಹೆಚ್ಚಿದಂತೆ ತಂತಿಯ ನಷ್ಟ ಹೆಚ್ಚಿ ವೋಲ್ಟೇಜು ಇನ್ನೂ ಇಳಿಯುತ್ತದೆ. ಕೊನೆಗೆ ಅದು 15.6 ಆಂಪಿಯರಿನಲ್ಲಿ ನಿಲ್ಲುತ್ತದೆ. ಕಾರಿನಲ್ಲಿರುವುದು 15 ಆಂಪಿಯರಿನ ಫ್ಯೂಸಾದರೆ ಅದು ಸದಾ ತನ್ನ ಮಿತಿ ಮೀರಿ ಕಾಯುತ್ತಲೇ ಇರುತ್ತದೆ. ಹಾಗೆಂದು 30 ಆಂಪಿಯರಿನ ಫ್ಯೂಸು ಸಿಕ್ಕಿಸುವುದು ಉಪಾಯವಲ್ಲ. ಫ್ಯೂಸು ಇರುವುದು ತಂತಿಯನ್ನು ಕಾಪಾಡಲು. ಅದನ್ನು ದೊಡ್ಡದು ಮಾಡಿದರೆ ಕಾಯುವ ಸರದಿ ಕಾರಿನ ರತ್ನಗಂಬಳಿಯ ಕೆಳಗಿರುವ ತಂತಿಯದಾಗುತ್ತದೆ. ಹೆಚ್ಚಿನ ಪ್ರವಾಹ ಬೇಕಿದ್ದರೆ ದಪ್ಪ ತಂತಿಯನ್ನೇ ಎಳೆಯಬೇಕು. ಇನ್ನೊಂದು ಮಾತು: ಎರಡು ಬ್ಯಾಟರಿಗಳ ನಡುವಣ ತಂತಿಗೆ ಎರಡೂ ತುದಿಗಳಿಂದ ವಿದ್ಯುತ್ತು ನುಗ್ಗಬಲ್ಲದು. ಆದ್ದರಿಂದ ಫ್ಯೂಸೂ ಎರಡೂ ತುದಿಗಳಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು.

ಇತ್ತೀಚೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳೂ ಕ್ಯಾರವಾನುಗಳಿಗೆ ಬಂದಿವೆ. ಹಗುರ, ಬಾಳಿಕೆ ಹೆಚ್ಚು, ಬಹುಪಾಲು ಖಾಲಿ ಮಾಡಿದರೂ ಕೆಡುವುದಿಲ್ಲ. ಇವುಗಳ ವೋಲ್ಟೇಜು ಬಹಳ ಹೊತ್ತು 13.2ರ ಸುತ್ತ ಸಮತಟ್ಟಾಗಿ ಇರುತ್ತದೆ. ಹೀಗಾಗಿ ಜಾಣ ಆಲ್ಟರ್ನೇಟರಿನ 12.4 ಇವಕ್ಕೆ ಇನ್ನೂ ದೂರ. ಏರಿಸುವ ಚಾರ್ಜರಿಲ್ಲದೆ ಬಳಸಬಾರದು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜು ಮಾಡಿದರೆ ಒಳಗಿನ ಗ್ರಾಫೈಟಿನ ಮೇಲೆ ಲಿಥಿಯಂ ಲೋಹ ಕೂತು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಒಳ್ಳೆಯ ಬ್ಯಾಟರಿಗಳಲ್ಲಿರುವ ನಿಯಂತ್ರಣ ಮಂಡಲ ಅಂಥ ಚಳಿಯಲ್ಲಿ ಚಾರ್ಜನ್ನೇ ತಡೆಯುತ್ತದೆ.

ನಿಮ್ಮ ಕೈಯಲ್ಲೇ ಪರೀಕ್ಷೆ

ಕ್ಯಾರವಾನು ಬಳಸುವ ಬಂಧುಗಳೋ ಗೆಳೆಯರೋ ಅಲ್ಲಿದ್ದರೆ ಅವರಿಗೆ ಈ ಪರೀಕ್ಷೆಯನ್ನು ಹೇಳಿ. ಬೇಕಾದದ್ದು ಒಂದು ಅಗ್ಗದ ಮಲ್ಟಿಮೀಟರ್. ಕಾರಿಗೆ ಹ್ಯಾಂಡ್‌ಬ್ರೇಕು ಹಾಕಿ, ಬಯಲಿನಲ್ಲಿ ನಿಲ್ಲಿಸಿ ಎಂಜಿನ್ನು ಓಡಿಸಬೇಕು. ಮೊದಲು ಕಾರಿನ ಬ್ಯಾಟರಿಯ ಅಗ್ರಗಳಲ್ಲಿ, ಆಮೇಲೆ ಮನೆಬ್ಯಾಟರಿಯ ಅಗ್ರಗಳಲ್ಲಿ ವೋಲ್ಟೇಜನ್ನು ಅಳೆಯಿರಿ. ಫ್ರಿಜ್ಜು ಆರಿಸಿ ಒಮ್ಮೆ, ಹಚ್ಚಿ ಒಮ್ಮೆ. ಎಂಜಿನ್ನು ಚಾಲೂ ಮಾಡಿದಾಗ ಮನೆಬ್ಯಾಟರಿಯ ವೋಲ್ಟೇಜು ಸ್ವಲ್ಪವೂ ಏರದಿದ್ದರೆ ಪಿನ್ನು, ಫ್ಯೂಸು ಅಥವಾ ರಿಲೇ ಸಂಪರ್ಕ ತಪ್ಪಿದೆ. ಏರಿದರೂ ಫ್ರಿಜ್ಜು ಹಚ್ಚಿದ ಕೂಡಲೇ ಗಣನೀಯವಾಗಿ ಕುಸಿದರೆ ಎರಡಕ್ಕೂ ಎಲ್ಲೋ ಹಾದಿ ಒಂದೇ ಆಗಿದೆ, ಅಥವಾ ಯಾವುದೋ ಸಂಪರ್ಕಕ್ಕೆ ಕಿಲುಬು ಹಿಡಿದಿದೆ. ಪ್ಲಗ್ಗನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕಳೆದುಹೋದ ವೋಲ್ಟು ಅಲ್ಲಿದೆ.

ಪ್ರಯಾಣದ ಹಿಂದಿನ ದಿನವೇ ಮನೆಯ 230 ವೋಲ್ಟಿನ ಚಾರ್ಜರಿನಿಂದ ಬ್ಯಾಟರಿಯನ್ನು ಪೂರ್ತಿ ತುಂಬಿಸಿಡುವುದು ಎಲ್ಲಕ್ಕಿಂತ ಭದ್ರವಾದ ಕ್ರಮ. ಫ್ರಿಜ್ಜನ್ನೂ ಆಗಲೇ ತಣ್ಣಗಾಗಿಸಬಹುದು. ಕಾರಿನ ಪಾಲಿಗೆ ಆಗ ಉಳಿಯುವುದು ಆ ತಂಪನ್ನು ಕಾಯ್ದುಕೊಳ್ಳುವ, ದಾರಿಯಲ್ಲಿ ಖರ್ಚಾದಷ್ಟನ್ನು ಹಿಂದಿರುಗಿಸುವ ಕೆಲಸ ಮಾತ್ರ. ಅದನ್ನು 2.5 ಚದರ ಮಿಲಿಮೀಟರಿನ ತಂತಿ ಮಾಡಬಲ್ಲದು. ಸೀಸ-ಆಮ್ಲ ಬ್ಯಾಟರಿಯನ್ನು ಅರೆ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟು ಗಟ್ಟಿ ಹರಳಾಗಿ ಮತ್ತೆ ಕರಗುವುದಿಲ್ಲ. ಆದ್ದರಿಂದ ಪ್ರವಾಸ ಮುಗಿಸಿ ಬಂದ ದಿನವೂ ಚಾರ್ಜರಿಗೆ ಸಿಕ್ಕಿಸಬೇಕು. ಹಾಗೆ ಸಿಕ್ಕಿಸುವ ಮುನ್ನ ಬ್ಯಾಟರಿಯ ಪೆಟ್ಟಿಗೆಯಿಂದ ಹೊರಕ್ಕೆ ಹೋಗುವ ಸಣ್ಣ ಕೊಳವೆ ಮುಚ್ಚಿಹೋಗಿಲ್ಲವೆಂದು ನೋಡಿಕೊಳ್ಳಿ. ಚಾರ್ಜಿನ ಕೊನೆಯ ಹಂತದಲ್ಲಿ ಹೊಮ್ಮುವ ಹೈಡ್ರೊಜನ್ ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.